ಓದುಗರ ಸ್ಪಂದನ: ‘ಇಷ್ಟೂ ಗೊತ್ತಾಗಲ್ವಾ ಅತ್ತೆ?’

ಹಿಂದಿನ ಸಂಚಿಕೆಯಲ್ಲಿ ದಾವಣಗೆರೆಯ ಅಜ್ಜಿಯೊಬ್ಬರು ಬರೆದಿದ್ದರು. ಎರಡು ವರ್ಷದ ಮೊಮ್ಮಗನಿಗೆ ಭೇದಿ. ನೀರು ಕೊಟ್ಟರೆ ಜಾಸ್ತಿ ಆಗುತ್ತೆ ಎಂದು ಅವರು ಲೋಟ ಪಕ್ಕಕ್ಕಿಟ್ಟರು. ‘ಇಷ್ಟೂ ಗೊತ್ತಾಗಲ್ವಾ ಅತ್ತೆ?’ ಎಂದು ಸೊಸೆ ಅದನ್ನು ಕಿತ್ತುಕೊಂಡಳು. ಮೂರು ಮಕ್ಕಳನ್ನು ಸಾಕಿದ ನನಗೆ ಬುದ್ಧಿ ಇಲ್ಲವೇ ಎಂಬುದು ಅವರ ಪ್ರಶ್ನೆ.

ಸೊಸೆ ಮಾಡಿದ್ದು ಸರಿ. ಮೊಮ್ಮಗ ಹುಷಾರಾದನಲ್ಲ, ಎತ್ತಿ ಆಡಿಸಿ. ಪತ್ರ ಬರೆಯೋದು ಬಿಡಿ.
– ಹರಿಹರ

(ಖಾರ ಸ್ವಲ್ಪ ಹೆಚ್ಚಾಯಿತು. ಮೊದಲ ವಾಕ್ಯಕ್ಕೆ ಮಾತ್ರ ನಮ್ಮ ತಕರಾರಿಲ್ಲ. – ಸಂ.)

ಅಕ್ಕಾ, ನಿಮ್ಮ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. 1979ರ ಬೇಸಿಗೆ. ನನ್ನ ಮೊದಲ ಮಗಳಿಗೆ ಒಂದೂವರೆ ವರ್ಷ. ಬೆಳಿಗ್ಗೆಯಿಂದ ಭೇದಿ. ಮಡಕೆ ಕಡೆ ಕೈ ಚಾಚಿ ಅಳುತ್ತಿದ್ದಳು. ಅತ್ತೆ ನೀರು ಬೇಡ ಅಂದರು. ಓಣಿಯವರೆಲ್ಲ ಅದನ್ನೇ ಅಂದರು. ನಾನೂ ನಂಬಿದೆ. ತೂತು ಕೊಡಕ್ಕೆ ಹೊಯ್ದಷ್ಟೂ ಸೋರುತ್ತೆ ತಾನೇ? ಮಡಕೆ ಒಳಗೆ ಎತ್ತಿಟ್ಟವಳು ನಾನೇ. ತುಟಿಗೆ ಒದ್ದೆ ಬಟ್ಟೆ ಒತ್ತಿದೆ, ಅಷ್ಟೇ. ಮರುದಿನ ಕಣ್ಣು ಗುಳಿ ಬಿದ್ದವು. ಅತ್ತರೆ ಕಣ್ಣೀರಿಲ್ಲ. ದುರ್ಗದ ಬಸ್ಸು ಬರುವಷ್ಟು ಹೊತ್ತೂ ಉಳಿಯಲಿಲ್ಲ.

ಎಷ್ಟೋ ವರ್ಷದ ಮೇಲೆ ಅಂಗನವಾಡಿಯಲ್ಲಿ ಹೇಳಿಕೊಟ್ಟರು. ಕಾಯಿಸಿ ಆರಿಸಿದ ನೀರು ಒಂದು ಲೀಟರ್, ಸಕ್ಕರೆ ಆರು ಚಮಚ, ಉಪ್ಪು ಅರ್ಧ ಚಮಚ. ಎರಡೂ ಸೇರಿದರೆ ಕರುಳು ನೀರು ಹೀರಿಕೊಳ್ಳುತ್ತಂತೆ. ಮೂರೂ ನನ್ನ ಅಡುಗೆಮನೆಯಲ್ಲೇ ಇದ್ದವು. 1971ರಲ್ಲೇ ದಿಲೀಪ್ ಮಹಲನಬಿಸ್ ಅನ್ನೋ ಡಾಕ್ಟರು ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದವರಿಗೆ ಇಂಥದ್ದೇ ನೀರನ್ನು ಡ್ರಮ್ಮುಗಟ್ಟಲೆ ಕುಡಿಸಿ ಉಳಿಸಿದರು ಅಂತ ಮೊಮ್ಮಗ ಓದಿ ಹೇಳಿದ. ಎಂಟು ವರ್ಷದಲ್ಲೂ ಅದು ನಮ್ಮೂರಿಗೆ ಬಂದಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ಅವರು ತೀರಿಹೋಗುವ ತನಕ ನಾವಿಬ್ಬರೂ ಆ ಮಾತು ಎತ್ತಲಿಲ್ಲ. ನನ್ನ ಕೈಯಿಂದ ಆ ಮಡಕೆಯನ್ನು ಯಾರಾದರೂ ಕಿತ್ತುಕೊಂಡಿದ್ದರೆ!
– ಹೊಸದುರ್ಗ

(ಚಹಾ ಚಮಚದ ಲೆಕ್ಕ, ತಲೆ ಸವರಿದ ಚಮಚ. ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಒಳ್ಳೆಯದು. – ಸಂ.)

ನೀರಿನ ಮಾತು ಬಂತಲ್ಲ ಅಂತ ಬರೆಯುತ್ತಿದ್ದೇನೆ. ನಮ್ಮಪ್ಪ ಮಳೆ ನಕ್ಷತ್ರ ನೋಡಿ ಶೇಂಗಾ ಬಿತ್ತುತ್ತಿದ್ದರು. ಮಗ ಮೊಬೈಲ್ ನೋಡುತ್ತಾನೆ. ಇಬ್ಬರೂ ತಪ್ಪಿದ್ದಾರೆ. ಆದರೆ ಬೋರ್ ಕೊರೆಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ಹೇಳುವವರನ್ನು ಕರೆಸೋದ್ರಲ್ಲಿ ಮಾತ್ರ ಅಜ್ಜ ಮೊಮ್ಮಗ ಒಂದೇ!
– ಚಳ್ಳಕೆರೆ

(ಈ ಪತ್ರ ಎಲ್ಲಿಗೋ ಹೋಯಿತು. ಬಿಡಲು ಮನಸ್ಸಾಗಲಿಲ್ಲ. – ಸಂ.)

ನಾನೂ ಸೊಸೆ. ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತ ಬಾಯಾರಿಕೆಯಲ್ಲಿ ದಿನ ಕಳೆದವಳು. ಹಾಗಾಗಿ ಲೋಟ ಕಿತ್ತುಕೊಂಡಿದ್ದಕ್ಕೆ ಬೇಜಾರಿಲ್ಲ. ಆ ಮಾತು ಬೇಕಿರಲಿಲ್ಲ, ಅಲ್ವಾ? ಹೋದ ವಾರ ಫೋನಿನಲ್ಲಿ ಯಾರಿಗೋ ಓಟಿಪಿ ಹೇಳಲು ಹೊರಟಿದ್ದೆ. ಎಂಟು ವರ್ಷದ ಮಗಳು ಫೋನು ಕಿತ್ತುಕೊಂಡು ಅಂದಳು: ‘ಇಷ್ಟೂ ಗೊತ್ತಾಗಲ್ವಾ ಅಮ್ಮಾ?’
– ನಿಟ್ಟುವಳ್ಳಿ, ದಾವಣಗೆರೆ