ಕ್ಲಸ್ಟರ್ ನೆಟ್‌ವರ್ಕ್ ಮೊದಲೇ ಹೇಗೆ ಯೋಚಿಸಿಡಬೇಕು?

ಕೇಳಿದವರು, ಮೈಸೂರು ಹೆಬ್ಬಾಳದಿಂದ:
ನಮ್ಮದೇ ಸರ್ವರ್ ರೂಮಿನಲ್ಲಿ ಹೊಸ ಕುಬರ್ನೆಟೀಸ್ ಕ್ಲಸ್ಟರ್ (ಹಲವು ಸರ್ವರ್ ಸೇರಿಸಿ ಅಪ್ಲಿಕೇಶನ್ ಓಡಿಸುವ ವ್ಯವಸ್ಥೆ) ಕಟ್ಟುತ್ತಿದ್ದೇವೆ. ಈಗ 12 ಸರ್ವರ್. ಮುಂದೆ 300 ಆಗಬಹುದು. ನೆಟ್‌ವರ್ಕ್ ಪ್ಲಗಿನ್‌ಗಳಾದ ಫ್ಲಾನಲ್, ಕ್ಯಾಲಿಕೋ, ಸಿಲಿಯಂ, ಯಾವುದು ಹಾಕಲಿ? ಮಾಡಿದವರು ಹೇಳಿ.

ಮಂಡ್ಯದಿಂದ:
ಪ್ಲಗಿನ್ ಆಮೇಲೆ ಬದಲಿಸಬಹುದು ಸರ್, ಕಷ್ಟಪಟ್ಟಾದರೂ. ಪಾಡ್‌ಗಳ (ಅಪ್ಲಿಕೇಶನ್ ಓಡುವ ಚಿಕ್ಕ ಘಟಕಗಳ) ಐಪಿ ವಿಳಾಸದ ರೇಂಜ್ ಬದಲಿಸೋದು ಮಾತ್ರ ಕ್ಲಸ್ಟರನ್ನೇ ಮತ್ತೆ ಕಟ್ಟಿದ ಹಾಗೆ. ಅದಕ್ಕೇ ಮೊದಲು ಲೆಕ್ಕ ಹಾಕಿ. ಫ್ಲಾನಲ್ ಜೊತೆ ಎಲ್ಲರೂ ಸುಮ್ನೆ ಹಾಕೋದು 10.244.0.0/16 (ಗೆರೆಯ ನಂತರದ ಅಂಕೆ ಚಿಕ್ಕದಾದಷ್ಟೂ ರೇಂಜ್ ದೊಡ್ಡದು). ಒಂದೊಂದು ಸರ್ವರ್‌ಗೆ /24, ಅಂದರೆ 256 ವಿಳಾಸ, ಹೋಗುತ್ತದೆ. ಅಲ್ಲಿಗೆ 256 ಸರ್ವರ್‌ಗೆ ಜಾಗ ಮುಗಿಯಿತು. ನಿಮಗೆ 300 ಬೇಕು, ಅಲ್ವಾ? /14 ತೆಗೆದುಕೊಂಡರೆ 1024ರವರೆಗೆ ಯೋಚನೆ ಇಲ್ಲ. /24 ಅನ್ನು /25 (128 ವಿಳಾಸ) ಮಾಡಿ ಉಳಿಸೋಣ ಅಂತ ಹೋಗಬೇಡಿ. ಒಂದು ಸರ್ವರ್‌ನಲ್ಲಿ 110 ಪಾಡ್ ಓಡಿಸಲು ಕುಬೆಲೆಟ್ (ಸರ್ವರ್‌ನಲ್ಲಿ ಪಾಡ್ ನೋಡಿಕೊಳ್ಳುವ ಪ್ರೋಗ್ರಾಂ) ಬಿಡುತ್ತದೆ. ಹಳೆಯದು ಹೋಗಿ ಹೊಸದು ಬರುವಾಗ ವಿಳಾಸ ಸ್ವಲ್ಪ ಜಾಸ್ತಿಯೇ ಇರಬೇಕು.

ಇನ್ನೊಂದು. ಕ್ಯಾಲಿಕೋ ತಾನಾಗಿ ಹಿಡಿಯೋದು 192.168.0.0/16. ಆಫೀಸಿನ ನೆಟ್‌ವರ್ಕ್ ಕೂಡ 192.168 ಆಗಿದ್ದರೆ ಪಾಡ್‌ನಿಂದ ಆಫೀಸಿನ ಡೇಟಾಬೇಸ್‌ಗೆ ಹೋದ ಪ್ಯಾಕೆಟ್‌ಗೆ ದಾರಿ ತಪ್ಪುತ್ತದೆ. ವಿಪಿಎನ್ ಆಚೆ ಇರುವ ಗ್ರಾಹಕರ ರೇಂಜ್‌ಗಳನ್ನೂ ಕೇಳಿ ಬರೆದಿಟ್ಟುಕೊಳ್ಳಿ.

ಕೂರ್ಗಳ್ಳಿಯಿಂದ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಪ್ಲಗಿನ್ ವಿಷಯಕ್ಕೆ ಬಂದರೆ, ಫ್ಲಾನಲ್ ಒಂದೇ ಇದ್ದರೆ ನೆಟ್‌ವರ್ಕ್ ಪಾಲಿಸಿ ಜಾರಿಯಾಗುವುದಿಲ್ಲ. ಯಾವ ಪಾಡ್ ಯಾರ ಜೊತೆ ಮಾತಾಡಬಹುದು ಅಂತ ಕಟ್ಟು ಹಾಕಬೇಕಿದ್ದರೆ ಉಳಿದ ಎರಡನ್ನೇ ನೋಡಿ.

ಸ್ವಿಚ್‌ಗಳು ನಿಮ್ಮ ಕೈಯಲ್ಲೇ ಇವೆ. ಹಾಗಾಗಿ ನಾನಾದರೆ ಬಿಜಿಪಿ ರೂಟಿಂಗ್ (ಸರ್ವರ್, ಸ್ವಿಚ್‌ಗಳು ತಮ್ಮ ದಾರಿಗಳನ್ನು ಪರಸ್ಪರ ತಿಳಿಸುವ ವಿಧಾನ) ಹಾಕುತ್ತೇನೆ. ಆದರೆ ಎಲ್ಲ ಸರ್ವರ್ ಎಲ್ಲದರ ಜೊತೆ ಮಾತಾಡುವ ಫುಲ್ ಮೆಶ್‌ನಲ್ಲಿ 100 ಸರ್ವರ್‌ಗೇ 4950 ಸೆಷನ್ ಆಗುತ್ತದೆ. ಅದಕ್ಕೆ ಮುಂಚೆಯೇ ದಾರಿಗಳನ್ನು ಎಲ್ಲರಿಗೂ ಹಂಚುವ ರೂಟ್ ರಿಫ್ಲೆಕ್ಟರ್ ಇಡಿ.

ಪಾಡ್‌ನ ಪ್ಯಾಕೆಟನ್ನು ಇನ್ನೊಂದು ಪ್ಯಾಕೆಟ್‌ನಲ್ಲಿ ಸುತ್ತಿ ಕಳಿಸುವ ವಿಎಕ್ಸ್‌ಲ್ಯಾನ್ ಸಾಕು ಅನ್ನಿಸಿದರೂ ತಪ್ಪಿಲ್ಲ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮಾತ್ರ ಮರೆಯಬೇಡಿ. ಅದರ ಹೊದಿಕೆಗೇ 50 ಬೈಟ್ ಹೋಗುತ್ತದೆ. 1500 ಇದ್ದ ಕಡೆ ಪಾಡ್‌ಗೆ 1450. ಇದು ತಪ್ಪಿದರೆ ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ, ದೊಡ್ಡ ಫೈಲ್ ಮಾತ್ರ ನಡುವೆ ನಿಂತುಬಿಡುತ್ತದೆ. ಜನ ಅಪ್ಲಿಕೇಶನ್ನನ್ನೇ ದಿನಗಟ್ಟಲೆ ಬೈಯುತ್ತಾರೆ. ಪ್ಯಾಕೆಟ್ ತುಂಡಾಗದ ಹಾಗೆ ಹೇಳಿ, ಒಂದು ಸರ್ವರ್‌ನ ಪಾಡ್‌ನಿಂದ ಇನ್ನೊಂದರ ಪಾಡ್‌ಗೆ 1422 ಬೈಟ್ ಪಿಂಗ್ (28 ಬೈಟ್ ಹೆಡರ್ ಸೇರಿ 1450) ಕಳಿಸಿ ನೋಡಿ. ಅದು ದಾಟಬೇಕು.

ಮಂಡ್ಯದಿಂದ, ಮತ್ತೆ:
ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ಸೇವೆ) ಬಿಟ್ಟುಹೋಗಿತ್ತು. ಹೊರಗಿನ ಹೆಸರು ಕೇಳಿದಾಗ ಪಾಡ್ ಮೊದಲು ಕ್ಲಸ್ಟರ್ ಒಳಗಿನ ಬಾಲಗಳನ್ನೆಲ್ಲ ಸೇರಿಸಿ ಹುಡುಕುತ್ತದೆ. ಪಾಡ್ ಜಾಸ್ತಿಯಾದ ಹಾಗೆ ಕ್ಲಸ್ಟರಿನ ಡಿಎನ್‌ಎಸ್ ಸರ್ವರ್ ಆದ ಕೋರ್‌ಡಿಎನ್‌ಎಸ್ ಮೇಲೆ ಭಾರ ಬೀಳುತ್ತದೆ. ಉತ್ತರಗಳನ್ನು ಅಲ್ಲೇ ನೆನಪಿಟ್ಟುಕೊಳ್ಳುವ ನೋಡ್‌ಲೋಕಲ್ ಡಿಎನ್‌ಎಸ್ ಕ್ಯಾಶ್ ಅನ್ನು ಪ್ರತಿ ಸರ್ವರ್‌ನಲ್ಲೂ ಹಾಕಿಬಿಡಿ. 12 ಇರುವಾಗಲೇ ಹಾಕುವುದು ಸುಲಭ.