ಮಾರುಕಟ್ಟೆಯ ನೊಣದಿಂದ ಹೊಟ್ಟೆಹುಳು ಬರುತ್ತದೆಯೇ?

ಪ್ರಶ್ನೆ: ಮೇಡಂ, ಹೆಚ್ಚಿಟ್ಟ ಹಣ್ಣು ಮಾರುವ ಕಡೆ ನೊಣ ಮುತ್ತಿಕೊಂಡಿತ್ತು. ಬೇಡವೆಂದರೂ ಮಗ ತಿಂದ, ಮರುದಿನವೇ ಭೇದಿ. ಮನೆಯಲ್ಲಿ ಎಲ್ಲರೂ ಜಂತುಹುಳುವಿನ ಮಾತ್ರೆ ಕೊಡು ಅನ್ನುತ್ತಿದ್ದಾರೆ. ಕೊಡಲೇ? ನೊಣ ನಿಜವಾಗಿ ಹುಳು ತರುತ್ತದೆಯೇ?

ಉತ್ತರ: ಮೊದಲು ಮಗುವಿನ ವಿಷಯ. ಮರುದಿನವೇ ಶುರುವಾದ ಭೇದಿಗೆ ಸಾಮಾನ್ಯವಾಗಿ ಬ್ಯಾಕ್ಟೀರಿಯಾ ಅಥವಾ ವೈರಸ್ ಕಾರಣ, ಹುಳು ಅಲ್ಲ. ಜಂತುಹುಳುವಿನ ಮೊಟ್ಟೆ ಹೊಟ್ಟೆಗೆ ಹೋದ ಮೇಲೆ ಅದು ಬೆಳೆದು ತಾನೇ ಮೊಟ್ಟೆ ಇಡಲು 2ರಿಂದ 3 ತಿಂಗಳು ಬೇಕು. ಈಗ ಕೊಡಬೇಕಾದ್ದು ಓಆರ್‌ಎಸ್. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ನೊಣ. ಮನೆನೊಣಕ್ಕೆ ಅಗಿಯಲು ಬರುವುದಿಲ್ಲ, ಹೀರುವುದಷ್ಟೇ ಗೊತ್ತು. ಹಾಗಾಗಿ ಗಟ್ಟಿ ಪದಾರ್ಥದ ಮೇಲೆ ಕೂತಾಗ ಜೊಲ್ಲನ್ನೂ, ಹಿಂದೆ ಹೀರಿಟ್ಟುಕೊಂಡದ್ದನ್ನೂ ಕಕ್ಕಿ, ಕರಗಿಸಿ ಹೀರುತ್ತದೆ. ಕೂತಲ್ಲೇ ಹಿಕ್ಕೆಯನ್ನೂ ಹಾಕುತ್ತದೆ. ಸ್ವಲ್ಪ ಹೊತ್ತಿನ ಮುಂಚೆ ಅದು ಕೂತಿದ್ದು ಬಯಲಲ್ಲಿದ್ದ ಮಲದ ಮೇಲಾಗಿದ್ದರೆ, ರೋಮದಲ್ಲಿ, ಕಾಲಿನ ಅಂಟುಮೆತ್ತೆಯಲ್ಲಿ, ಹೊಟ್ಟೆಯೊಳಗೆ ಅದರ ಅಂಶ ಇದ್ದೇ ಇರುತ್ತದೆ. ಇದನ್ನು ನೋಡಲು ಪ್ರಯೋಗಾಲಯದಲ್ಲಿ ನಾವು ಹಿಡಿದ ನೊಣವನ್ನು ಲವಣದ್ರಾವಣದಲ್ಲಿ ಅಲುಗಾಡಿಸಿ, ಆ ನೀರನ್ನು ಯಂತ್ರದಲ್ಲಿ ಗರಗರ ತಿರುಗಿಸಿ, ತಳದ ಗಸಿಗೆ ಒಂದು ಹನಿ ಅಯೋಡಿನ್ ಹಾಕಿ ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಭೇದಿ ತರುವ ಸೂಕ್ಷ್ಮಜೀವಿ ಅಮೀಬಾದ ಕೋಶ, ಅಂದರೆ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಅದರ ರೂಪ, ಹಳದಿಗಂದು ಬಣ್ಣದ ಗುಂಡಗಿನ ಚುಕ್ಕೆಯಾಗಿ ಕಾಣುತ್ತದೆ, ಒಳಗಿನ ನ್ಯೂಕ್ಲಿಯಸ್‌ಗಳನ್ನು ಎಣಿಸಬಹುದು. ಜಂತುಹುಳುವಿನ ಮೊಟ್ಟೆ ಅದಕ್ಕಿಂತ ಎಷ್ಟೋ ದೊಡ್ಡದು, ಉಬ್ಬುತಗ್ಗಿನ ದಪ್ಪ ಕವಚ ಬೇರೆ.

ಆದರೆ ಎರಡೂ ಒಂದೇ ರೀತಿಯ ಅಪಾಯವಲ್ಲ, ಇದನ್ನು ದಯವಿಟ್ಟು ಗಮನಿಸಿ. ಜಂತುಹುಳು, ಚಾಟಿಹುಳುಗಳ ಮೊಟ್ಟೆ ಮಲದಲ್ಲಿ ಹೊರಬಂದ ಕೂಡಲೇ ಸೋಂಕು ತರುವುದಿಲ್ಲ. ತೇವದ ಮಣ್ಣಿನಲ್ಲಿ ಕೆಲವು ವಾರ ಮಾಗಬೇಕು. ಕೊಕ್ಕೆಹುಳುವಿನ ಮರಿಯಂತೂ ಹೆಚ್ಚಾಗಿ ಬರಿಗಾಲಿನ ಚರ್ಮ ಕೊರೆದು ಒಳಸೇರುತ್ತದೆ. ಅಮೀಬಾ, ಮತ್ತು ಅದರಂತೆಯೇ ಕರುಳಿಗೆ ಸೋಂಕು ತರುವ ಸೂಕ್ಷ್ಮಜೀವಿಗಳಾದ ಜಿಯಾರ್ಡಿಯಾ, ಕ್ರಿಪ್ಟೋಸ್ಪೊರಿಡಿಯಮ್‌ಗಳ ಕೋಶಗಳಿಗೆ ಈ ಕಾಯುವಿಕೆ ಇಲ್ಲ. ಮಲದಿಂದ ನೊಣ, ನೊಣದಿಂದ ಹಣ್ಣು, ಹಣ್ಣಿನಿಂದ ಬಾಯಿ, ಅಷ್ಟೇ ದಾರಿ. ಹಂದಿಯ ಲಾಡಿಹುಳುವಿನ ಮೊಟ್ಟೆಯೂ ಹಾಗೆಯೇ. ಅದರಿಂದ ಹೊರಬರುವ ಮರಿ ಮಿದುಳಿನವರೆಗೂ ಹೋಗಬಲ್ಲದು. ನನಗೆ ನಿಜವಾಗಿ ಭಯ ಇರುವುದು ಇವುಗಳದ್ದೇ. ಹುಳುವಿಗೆಂದು ಕೊಡುವ ಒಂದೇ ಒಂದು ಆಲ್ಬೆಂಡಜೋಲ್ ಮಾತ್ರೆ ಅಮೀಬಾಕ್ಕೆ ನಾಟುವುದಿಲ್ಲ. ಭೇದಿ ವಾರ ದಾಟಿದರೆ ಮಲಪರೀಕ್ಷೆ ಮಾಡಿಸಿ.

ಇನ್ನೊಬ್ಬರು: ತಂದು ತೊಳೆದುಕೊಂಡು ತಿಂದರೆ ಸಾಕಲ್ಲವೇ? ಕ್ಲೋರಿನ್ ನೀರಲ್ಲಿ ನೆನೆಸಿದರೆ?

ಉತ್ತರ: ಇಡೀ ಹಣ್ಣನ್ನು ಹರಿಯುವ ನೀರಲ್ಲಿ ಉಜ್ಜಿ ತೊಳೆದು ಸಿಪ್ಪೆ ತೆಗೆದರೆ ಬಹುಪಾಲು ಹೋಗುತ್ತದೆ. ಹೆಚ್ಚಿಟ್ಟದ್ದನ್ನು ತೊಳೆದು ಪ್ರಯೋಜನವಿಲ್ಲ, ಬಿಟ್ಟುಬಿಡಿ. ಕ್ಲೋರಿನ್ ಬ್ಯಾಕ್ಟೀರಿಯಾ ಕೊಲ್ಲುತ್ತದೆ. ಕ್ರಿಪ್ಟೋಸ್ಪೊರಿಡಿಯಮ್ ಮತ್ತು ಜಂತುಹುಳುವಿನ ಮೊಟ್ಟೆ ಅದಕ್ಕೆ ಜಗ್ಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಎಲ್ಲವೂ ಸಾಯುತ್ತವೆ.

ಅಂಗಡಿಯವರು: ಮೇಡಂ, ನನ್ನದು ಮಾಂಸದಂಗಡಿ. ದಿನಾ ಔಷಧಿ ಹೊಡೆದರೂ ನೊಣ ಕಡಿಮೆಯಾಗುತ್ತಿಲ್ಲ.

ಉತ್ತರ: ಔಷಧಿ ಹೊಡೆಯುವುದು ನಿಲ್ಲಿಸಿ ಅಣ್ಣಾ, ಅದು ಮಾಂಸದ ಮೇಲೂ ಬೀಳುತ್ತದೆ. ನೊಣಗಳು ಅದಕ್ಕೆ ಒಗ್ಗಿಯೂ ಹೋಗುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ನೊಣವಾಗಲು 7ರಿಂದ 10 ದಿನ ಸಾಕು. ಒಂದು ಹೆಣ್ಣು ಒಂದು ಸಲಕ್ಕೆ ನೂರರಷ್ಟು ಮೊಟ್ಟೆ ಇಡುತ್ತದೆ. ನೀವು ಹೊಡೆಯುವುದು ಹಾರುವವನ್ನು. ಮರಿಹುಳುಗಳು ಹಿಂದಿನ ಕಸದ ಡಬ್ಬಿಯಲ್ಲಿ ಆರಾಮಾಗಿ ಬೆಳೆಯುತ್ತಿರುತ್ತವೆ. ಕರುಳು, ಚರ್ಮ, ರಕ್ತದ ನೀರು ದಿನಾ ಸಂಜೆ ಜಾಗ ಬಿಡಬೇಕು. ಡಬ್ಬಿಗೆ ಬಿಗಿ ಮುಚ್ಚಳ ಹಾಕಿ, ಅದರ ತಳವನ್ನೂ ಉಜ್ಜಿ. ಅಲ್ಲೇ ಹಸಿರು ಮಿಂಚುವ ದಪ್ಪ ನೊಣಗಳೂ ಮೊಟ್ಟೆ ಇಡುತ್ತವೆ. ಮಲಕ್ಕೂ ಮಾಂಸಕ್ಕೂ ಓಡಾಡುವವು ಅವು. ಹತ್ತಿರದ ಶೌಚಾಲಯ ತೆರೆದಿದ್ದರೆ, ಅಕ್ಕಪಕ್ಕದ ಅಂಗಡಿಯವರೆಲ್ಲ ಸೇರಿ ಅದನ್ನು ಮುಚ್ಚಿಸಲು, ಕಿಟಕಿಗೆ ಜಾಲರಿ ಹಾಕಿಸಲು ಒತ್ತಾಯ ಮಾಡಿ. ಅಲ್ಲಿಯವರೆಗೆ ಮಾಂಸ ಜಾಲರಿಯೊಳಗಿರಲಿ. ಮೇಲಿಂದ ಜೋರಾಗಿ ಫ್ಯಾನ್ ಬೀಸುತ್ತಿರಲಿ, ಗಾಳಿಯ ರಭಸಕ್ಕೆ ನೊಣಕ್ಕೆ ಇಳಿಯಲು ಕಷ್ಟವಾಗುತ್ತದೆ.