ಉತ್ತರ ಯುರೋಪಿನ ಜಾಝ್, ಪಶ್ಚಿಮ ಆಫ್ರಿಕಾದ ಲಯ: ಸಮ ಎಲ್ಲಿದೆ ಮಾರಾಯ್ರೇ?

ಕಹಳೆಕಿವಿ:

ಡೆನ್ಮಾರ್ಕಿನಲ್ಲಿ ದಿ ಕುಟಿಮ್ಯಾಂಗೋಸ್ ಅಂತ ಒಂದು ತಂಡ ಇದೆ. ಆಫ್ರೋಬೀಟ್ ಅನ್ನುವ ಸಂಗೀತ ಹುಟ್ಟುಹಾಕಿದ ನೈಜೀರಿಯಾದ ಫೆಲಾ ಕುಟಿ, ಅಮೆರಿಕದ ಜಾಝ್ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಇಬ್ಬರನ್ನೂ ಹೆಸರಲ್ಲೇ ಕಲಸಿಟ್ಟುಕೊಂಡವರು. ಮಾಲಿ, ಬುರ್ಕಿನಾ ಫಾಸೊಗಳಿಗೆ ಹೋಗಿ ಅಲ್ಲಿನ ಕಲಾವಿದರ ಜೊತೆ ಕೂತು ಮಾಡಿದ ಅವರ 2016ರ ಆಲ್ಬಂ ‘ಮೇಡ್ ಇನ್ ಆಫ್ರಿಕಾ’ ಕೆಲ ದಿನಗಳಿಂದ ಕಿವಿ ಬಿಟ್ಟು ಹೋಗುತ್ತಿಲ್ಲ. ಟ್ರಾಂಬೋನೂ ಬ್ಯಾರಿಟೋನ್ ಸ್ಯಾಕ್ಸೋಫೋನೂ ಸೇರಿ ಕೆಳಗಿಂದ ಗುರುಗುಟ್ಟುವ ರೀತಿ ಇದೆಯಲ್ಲ, ಅದಕ್ಕೇ ಬಿದ್ದುಹೋದೆ.

ಆದರೆ ನನಗೆ ಮೂರು ತಕರಾರು. ಇದನ್ನು ಜಾಝ್ ಅನ್ನಬೇಕೋ ಆಫ್ರೋಬೀಟ್ ಅನ್ನಬೇಕೋ? ಎರಡನೆಯದು, ಕೈಯಲ್ಲಿ ತಾಳ ಹಾಕಲು ಹೋದರೆ ಸಮ, ಅಂದರೆ ತಾಳದ ಸುತ್ತು ಶುರುವಾಗುವ ಜಾಗ, ಸಿಗುವುದೇ ಇಲ್ಲ, ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತದೆ. ಮೂರನೆಯದು ಸ್ವಲ್ಪ ಖಾರದ್ದು: ಕೋಪನ್‌ಹೇಗನ್ನಿನವರು, ಸ್ಟಾಕ್‌ಹೋಮಿನವರು ಇದನ್ನು ನುಡಿಸುವುದು ಬರೀ ಅಲಂಕಾರಕ್ಕೋ, ಒಳಗಿನಿಂದ ಬಂದದ್ದೋ? ಕೇಳಿ ತಿಳಿಯುವ ದಾರಿ ಇದೆಯೇ?

ಅರ್ಧಾವರ್ತ:

ಮೊದಲು ಟೋನಿ ಆಲನ್ ಕೇಳಿ, ಆಮೇಲೆ ಉಳಿದ ಮಾತು. ಫೆಲಾ ತಂಡದ ಡ್ರಮ್ಮರ್. ಹೈ-ಹ್ಯಾಟ್ (ಡ್ರಮ್ಸ್‌ನಲ್ಲಿ ಕಾಲಲ್ಲಿ ತುಳಿದು ಮುಚ್ಚಿ ತೆರೆಯುವ ಜೋಡಿ ತಟ್ಟೆ) ಬಳಸುವುದನ್ನು ನೈಜೀರಿಯಾದ ಲಾಗೋಸ್‌ನಲ್ಲಿ ಕೂತು, ಅಮೆರಿಕದ ಜಾಝ್ ಪತ್ರಿಕೆ ಡೌನ್‌ಬೀಟ್‌ನಲ್ಲಿ ಬಂದ ಜಾಝ್ ಡ್ರಮ್ಮರ್ ಮ್ಯಾಕ್ಸ್ ರೋಚ್ ಪಾಠ ಓದಿ ಕಲಿತವರು. ಅಂದರೆ ಆಫ್ರೋಬೀಟ್ ಒಳಗೇ ಜಾಝ್ ಇದೆ. ಪಶ್ಚಿಮ ಆಫ್ರಿಕಾದ ಕುಣಿತದ ಸಂಗೀತ ಹೈಲೈಫ್‌ಗೆ ಜಾಝ್ ಬೆರೆಸಿಯೇ ಫೆಲಾ ಶುರು ಮಾಡಿದ್ದು. ಹಾಗಾಗಿ ನಿಮ್ಮ ಮೊದಲ ಪ್ರಶ್ನೆ ವಜಾ.

ಉರುಟುಗಂಟೆ:

ನಾನು ಡ್ರಮ್ಸ್ ನುಡಿಸುವವನು. ಉತ್ತರ ಆ ಕಡೆಗೇ ವಾಲುತ್ತದೆ, ಸಹಿಸಿಕೊಳ್ಳಿ.

ಸಮದಿಂದ ಶುರು ಮಾಡ್ತೀನಿ. ರಾಕ್ ಸಂಗೀತದ ಹಾಗೆ ಇಲ್ಲಿ ಯಾರೂ ಸಮವನ್ನು ಬಡಿದು ತೋರಿಸುವುದಿಲ್ಲ. ಅದು ಕುಣಿಯುವವರ ಕಾಲಲ್ಲಿರುತ್ತದೆ. ನೀವು ಕೂತು ಕೇಳ್ತಿದ್ದೀರಿ, ಅದಕ್ಕೇ ಜಾರುತ್ತಿದೆ. ಘಾನಾ-ಟೋಗೊ ಕಡೆಯ ಎವೆ ಜನರ ವಾದ್ಯಮೇಳದಲ್ಲಿ ಕಬ್ಬಿಣದ ಗಂಟೆ ಒಂದೇ ಮಾದರಿಯನ್ನು ಕೊನೆತನಕ ನುಡಿಸುತ್ತಿರುತ್ತದೆ. 12 ಮಾತ್ರೆಗಳಲ್ಲಿ 7 ಪೆಟ್ಟು, ಹೀಗೆ:

ಟಂ – ಟಂ – ಟಂ ಟಂ – ಟಂ – ಟಂ – ಟಂ

ಪ್ರತಿ ಗೆರೆ ಒಂದು ಖಾಲಿ ಮಾತ್ರೆ. ಕೊನೆಯ ಟಂ ಆದ ಕೂಡಲೇ, ಉಸಿರು ಬಿಡದೆ, ಮತ್ತೆ ಮೊದಲನೆಯದು. ಈಗ ಎದ್ದು ನಿಂತು ಮೂರು ಮಾತ್ರೆಗೊಂದರಂತೆ ಹೆಜ್ಜೆ ಹಾಕಿ, ಒಂದು ಸುತ್ತಿಗೆ ನಾಲ್ಕು ಹೆಜ್ಜೆ. ಗಂಟೆಯೂ ಹೆಜ್ಜೆಯೂ ಒಟ್ಟಿಗೆ ಬೀಳುವುದು ಎರಡೇ ಕಡೆ: ಮೊದಲನೇ ಪೆಟ್ಟು, ಆರನೇ ಪೆಟ್ಟು. ಉಳಿದ ಎರಡು ಹೆಜ್ಜೆಗಳು ಖಾಲಿ ಜಾಗದಲ್ಲಿ ಬೀಳುತ್ತವೆ. ಎರಡು ಮಾತ್ರೆಗೊಂದು ಹೆಜ್ಜೆ ಹಾಕಿದರೆ ಅದೇ ಗಂಟೆ ಬೇರೆಯೇ ಕೇಳಿಸುತ್ತದೆ. ಗಂಟೆ ಬದಲಾಗಿಲ್ಲ, ಕಾಲು ಬದಲಾಗಿದೆ. ಕುಟಿಮ್ಯಾಂಗೋಸ್ ನುಡಿಸುವುದು ಇದನ್ನೇ ಅಂತ ಹೇಳುತ್ತಿಲ್ಲ. ಆಫ್ರೋಬೀಟಿನ ಹೆಚ್ಚಿನ ಹಾಡುಗಳು ನಾಲ್ಕರ ಲೆಕ್ಕದವು. ಆದರೆ ಈ ಗಂಟೆ ಮೈಗೆ ಹತ್ತಿದರೆ ಅವರ ತಾಳವಾದ್ಯಗಳು ಯಾಕೆ ಒಂದರ ಸಂದಿಯಲ್ಲಿ ಒಂದು ತೂರಿಕೊಂಡಿವೆ ಅಂತ ತಾನಾಗಿ ಹೊಳೆಯುತ್ತದೆ.

ಅಲಂಕಾರವೋ ಅಲ್ಲವೋ ಅನ್ನುವುದಕ್ಕೆ ನಾನು ಬಳಸುವ ಒರೆಗಲ್ಲು ಒಂದೇ. ಸೋಲೋ ನುಡಿಸುವವರನ್ನು ಮನಸ್ಸಿನಲ್ಲೇ ಮ್ಯೂಟ್ ಮಾಡಿ. ಕೆಳಗೆ ಉಳಿದದ್ದು ಸಂಗೀತವಾಗಿ ನಿಂತರೆ ಒಳ್ಳೆಯದು. ಬರೀ ಢಬಢಬ ಉಳಿದರೆ ಅದು ಜಮಖಾನ, ಮೇಲೆ ಸ್ಯಾಕ್ಸೋಫೋನ್ ಸಾಹೇಬರು ಕೂತಿದ್ದರು ಅಷ್ಟೆ. ಪಶ್ಚಿಮ ಆಫ್ರಿಕಾದ ಮೇಳಗಳಲ್ಲಿ ಬದಲಾಗದೆ ತಿರುಗುವ ಸಣ್ಣ ಭಾಗ ನುಡಿಸುವವನಿಗೂ ಪೂರ್ತಿ ಕೆಲಸ ಇರುತ್ತದೆ. ಜಾಝ್ ಕಲಿತವನಿಗೆ ಅಲ್ಲೇ ಕಷ್ಟ. ಅವನ ಕೈ ಪ್ರತಿ ನಾಲ್ಕು ಸುತ್ತಿಗೊಮ್ಮೆ ಏನಾದರೂ ಹೊಸದು ಮಾಡಲು ತುರಿಸುತ್ತದೆ. ನನ್ನದೂ ಹಾಗೇ.

ಆ ತುರಿಕೆ ಅಡಗಿಸಿಕೊಂಡವರನ್ನು ಕೇಳಬೇಕಾದರೆ ಸ್ವೀಡನ್ನಿಗೆ ಹೋಗಿ. ಬೆಂಗ್ಟ್ ಬೆರ್ಗರ್ ಅಂತ ಡ್ರಮ್ಮರ್. ಭಾರತದಲ್ಲಿ ತಾಳವಾದ್ಯ ಕಲಿತವರು, ಆಮೇಲೆ ಘಾನಾದಲ್ಲಿ ಕಾಕ್ರಬಾ ಲೋಬಿ ಅವರ ಹತ್ತಿರ ಗಿಲ್ ಕಲಿತರು. ಗಿಲ್ ಅಂದರೆ ಮರದ ಪಟ್ಟಿಗಳ ವಾದ್ಯ. ಪಟ್ಟಿಗಳ ಕೆಳಗೆ ಸಾಲಾಗಿ ಸೋರೆ ಬುರುಡೆಗಳನ್ನು ತೂಗಿಹಾಕಿರುತ್ತಾರೆ. ಬುರುಡೆಗಳಲ್ಲಿ ತೂತು ಕೊರೆದು, ಜೇಡ ತನ್ನ ಮೊಟ್ಟೆಗಳ ಸುತ್ತ ನೇಯುವ ಪೊರೆಯನ್ನು ತಂದು ಆ ತೂತಿಗೆ ಅಂಟಿಸುತ್ತಾರೆ. ಪಟ್ಟಿಗೆ ಪೆಟ್ಟು ಬಿದ್ದಾಗ ಪೊರೆ ಅದುರಿ ಸ್ವರದ ಜೊತೆ ಒಂದು ಜುಂಯ್ ಹೊರಡುತ್ತದೆ. ತಂಬೂರಿಗೆ ಜೀವ ಹಿಡಿಸುವ ದಾರ ಇದ್ದಹಾಗೆ ಅಂದುಕೊಳ್ಳಿ. ಆ ಜುಂಯ್ ಇಲ್ಲದ ಗಿಲ್ ಸತ್ತ ಮರ.

ಇದರಲ್ಲೇ ಸಾವಿನ ಮನೆಗೆ ನುಡಿಸುವ ಬಗೆಯ ಗಿಲ್ ಇಟ್ಟುಕೊಂಡು ಬೆರ್ಗರ್ ಒಂದು ದೊಡ್ಡ ತಂಡ ಕಟ್ಟಿದರು: ಬಿಟರ್ ಫ್ಯೂನರಲ್ ಬಿಯರ್ ಬ್ಯಾಂಡ್. ಉತ್ತರ ಘಾನಾದಲ್ಲಿ ಶವಸಂಸ್ಕಾರಕ್ಕೆ ಬಂದವರು ಕುಡಿಯುವ ಪಿಟೊ, ಅಂದರೆ ಜೋಳದ ಮೊಳಕೆಯ ಬಿಯರು, ಆ ಹೆಸರಿನ ಹಿಂದಿದೆ. 1981ರಲ್ಲಿ ಸ್ಟಾಕ್‌ಹೋಮಿನಲ್ಲಿ ರೆಕಾರ್ಡ್ ಆದ ಆಲ್ಬಮ್ಮಿಗೂ ಇದೇ ಹೆಸರು, ಇಸಿಎಂ ಕಂಪನಿಯದು. ಡಾನ್ ಚೆರಿ ಪಾಕೆಟ್ ಟ್ರಂಪೆಟ್ ನುಡಿಸಿದ್ದಾರೆ. ಇಸಿಎಂ ಅಂದರೆ ಕನ್ನಡಿ ಒರೆಸಿಟ್ಟಂಥ ಸದ್ದಿಗೆ ಹೆಸರಾದ ಕಂಪನಿ. ಅಂಥವರ ರೆಕಾರ್ಡಿನಲ್ಲಿ ಈ ಜೇಡರ ಪೊರೆಯ ಕೊರಕಲು ದನಿ! ನನಗಂತೂ ಅದೇ ಖುಷಿ. ಮೊದಲ ಸಲ ಕೇಳುವಾಗ ಚೆರಿಯನ್ನು ಹುಡುಕಬೇಡಿ, ಗಿಲ್ ಹಿಡಿದುಕೊಳ್ಳಿ. ಗಾಳಿವಾದ್ಯಗಳೆಲ್ಲ ಅಳುವವರ ಗುಂಪಿನ ಹಾಗೆ ಅದರ ಸುತ್ತ ಸೇರಿಕೊಳ್ಳುತ್ತವೆ, ಒಬ್ಬರೂ ಮುಂದೆ ಬಂದು ಎದೆಯುಬ್ಬಿಸುವುದಿಲ್ಲ.

ಚೆರಿ ಅಲ್ಲಿಗೆ ಹೇಗೆ ಬಂದರು ಅನ್ನುವುದೇ ಒಂದು ಕಥೆ. ಜಾಝ್ ಸ್ಯಾಕ್ಸೋಫೋನ್ ವಾದಕ ಓರ್ನೆಟ್ ಕೋಲ್ಮನ್ ಜೊತೆ ನುಡಿಸಿದ ಅಮೆರಿಕದ ಆಸಾಮಿ, ಹೆಂಡತಿ ಮೊಕಿ ಜೊತೆ ದಕ್ಷಿಣ ಸ್ವೀಡನ್ನಿನ ಟೋಗಾರ್ಪ್‌ನಲ್ಲಿ ಹಳೇ ಶಾಲೆಯ ಕಟ್ಟಡದಲ್ಲಿ ಸಂಸಾರ ಹೂಡಿದ್ದರು. ಅವರಿಗೆ ಡೊನ್ಸೊ ಎನ್ಗೋನಿ ಕಲಿಸಿದ್ದು ಕ್ರಿಸ್ಟರ್ ಬೊಥೆನ್ ಅನ್ನುವ ಸ್ವೀಡಿಷ್ ವಾದಕ. ಬೊಥೆನ್ ಅದನ್ನು ಮಾಲಿಗೇ ಹೋಗಿ ಕಲಿತು ಬಂದಿದ್ದರು. ಬೇಟೆಗಾರರ ವಾದ್ಯ ಅದು: ಆರು ತಂತಿ, ಚರ್ಮ ಬಿಗಿದ ಬುರುಡೆ, ಕೊರಳಿನ ತುದಿಗೆ ಗಿಲಿಗಿಲಿ ಅನ್ನುವ ಲೋಹದ ಬಳೆಗಳು. ಅಮೆರಿಕದ ಕಪ್ಪು ಸಂಗೀತಗಾರನಿಗೆ ಮಾಲಿಯ ವಾದ್ಯ ಸಿಕ್ಕಿದ್ದು ಸ್ವೀಡನ್ನಿನವನ ಕೈಯಿಂದ! ಇದನ್ನು ಕೇಳಿದಮೇಲೆ ಯಾರದ್ದು ಯಾರು ಕದ್ದರು ಅನ್ನುವ ವಾದಕ್ಕೆ ನಾನು ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಸೂಜಿಮೊನೆ:

ಉರುಟುಗಂಟೆಯವರೇ, ನಿಮ್ಮ ಒರೆಗಲ್ಲು ಚೆನ್ನಾಗಿದೆ, ಆದರೆ ಸ್ವಲ್ಪ ಮಡಿ ಜಾಸ್ತಿ ಆಯ್ತು. ಎಲ್ಲರೂ ಘಾನಾಕ್ಕೆ ಹೋಗಿ ಗುರುಕುಲವಾಸ ಮಾಡಬೇಕಾ? ಫಿನ್ಲೆಂಡಿನ ಜಿಮಿ ಟೆನರ್ ನೋಡಿ. ಲಾಹ್ತಿಯವರು, ಎಲೆಕ್ಟ್ರಾನಿಕ್ ಸಂಗೀತದಿಂದ ಬಂದವರು. ಬರ್ಲಿನ್ನಿನ ಕಾಬು ಕಾಬು ತಂಡದ ಜೊತೆ 2007ರಲ್ಲಿ ‘ಜಾಯ್‌ಸ್ಟೋನ್’ ಮಾಡಿದರು. ಆ ತಂಡದಲ್ಲಿದ್ದ ನಿಕೋಲಸ್ ಅಡೊ-ನೆಟೆ ಫೆಲಾ ಅವರ ‘ಆಫ್ರಿಕಾ 70’ ತಂಡದಲ್ಲಿ ತಾಳವಾದ್ಯ ನುಡಿಸಿದ್ದವರು. 2009ರಲ್ಲಿ ಖುದ್ದು ಟೋನಿ ಆಲನ್ ಜೊತೆಗೂ ಒಂದು ಆಲ್ಬಂ ಬಂತು. ಬಲ್ಲವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಮೇಲೆ ತನ್ನ ಹುಚ್ಚು ಕೊಳಲು, ಅಗ್ಗದ ಸಿಂಥ್ ಸದ್ದು ಎಲ್ಲ ಹಾಕೋದು. ತಮಾಷೆಯೂ ಇದೆ. ನೀವು ಹೇಳುವ ಸಾವಿನ ಮನೆಯ ಗಾಂಭೀರ್ಯ ಎಲ್ಲರಿಗೂ ದಿನಾ ಬೇಡ.

ಡೆನ್ಮಾರ್ಕಿನ ಪಿಯೆರ್ ಡೋರ್ಗೆ ಅವರನ್ನೂ ಬಿಟ್ಟಿರಿ. ಅವರ ತಂಡ ನ್ಯೂ ಜಂಗಲ್ ಆರ್ಕೆಸ್ಟ್ರಾ 1980ರಿಂದ ಇದೆ. 1984ರ ‘ಬ್ರಿಕಾಮಾ’ ಆಲ್ಬಮ್ಮಿಗೆ ಗ್ಯಾಂಬಿಯಾದ ಊರಿನ ಹೆಸರು, ಕೋರಾ ಅನ್ನುವ ತಂತಿವಾದ್ಯ ನುಡಿಸುವವರ ಮನೆತನಗಳಿಗೆ ಪ್ರಸಿದ್ಧವಾದ ಊರು ಅದು. ಅಮೆರಿಕದ ಜಾಝ್ ದಿಗ್ಗಜ ಡ್ಯೂಕ್ ಎಲಿಂಗ್ಟನ್ನೂ ಆಫ್ರಿಕಾವೂ ಒಂದೇ ಬಸ್ಸಲ್ಲಿ ಹೋಗ್ತಿರೋ ಗದ್ದಲ. ನಿಮ್ಮ ಪರೀಕ್ಷೆಯಲ್ಲಿ ಫೇಲ್ ಆಗಬಹುದು, ನನಗೆ ಚಿಂತೆಯಿಲ್ಲ.

ಕಹಳೆಕಿವಿ:

ಗಂಟೆ ಪ್ರಯೋಗ ಮಾಡಿದೆ. ಮೇಜಿನ ಮೇಲೆ ಬಲಗೈ, ನೆಲದಲ್ಲಿ ಕಾಲು. ಮೊದಲನೇ ಪೆಟ್ಟು ಸಲೀಸು. ಆರನೆಯದರಲ್ಲಿ ಕಾಲು ಬೀಳುವ ಹೊತ್ತಿಗೆ ಕೈ ಗಾಬರಿಯಾಗಿ ಓಡುತ್ತದೆ. ಏನು ಮಾಡಲಿ? ಮತ್ತೆ, ಕುಟಿಮ್ಯಾಂಗೋಸ್ ನಿಮ್ಮ ಪರೀಕ್ಷೆಯಲ್ಲಿ ಪಾಸೋ?

ಉರುಟುಗಂಟೆ:

ಕೈ ಓಡುವುದು ನೀವು ಪೆಟ್ಟುಗಳನ್ನು ಎಣಿಸುತ್ತಿರುವುದರಿಂದ. ಎಣಿಸಬೇಡಿ. ಬಾಯಲ್ಲಿ ಟಂಟಂ ಹೇಳುತ್ತಾ ಕಾಲು ಮಾತ್ರ ಹಾಕಿ, ಕೈ ಆಮೇಲೆ. ನಿಧಾನಕ್ಕೆ, ಬೇಜಾರು ಬರುವಷ್ಟು ನಿಧಾನಕ್ಕೆ.

ಕುಟಿಮ್ಯಾಂಗೋಸ್ ಪಾಸು. ಗಾಳಿವಾದ್ಯದವರು ಒಂದು ಚಿಕ್ಕ ತುಣುಕು ಹಿಡಿದರೆ ಅದರಲ್ಲೇ ಕೂತಿರುತ್ತಾರೆ, ಬ್ಯಾರಿಟೋನಿನವನಂತೂ ಅರ್ಧ ಹೊತ್ತು ಬಾಸ್ ಕೆಲಸವನ್ನೇ ಮಾಡುತ್ತಾನೆ. ಫಸ್ಟ್ ಕ್ಲಾಸ್ ಕೊಡಲ್ಲ, ಕೆಲವು ಕಡೆ ನುಣುಪು ಜಾಸ್ತಿ.

ಸೂಜಿಮೊನೆಯವರೇ, ‘ಬ್ರಿಕಾಮಾ’ ಫೇಲ್ ಅಂತ ನಾನೆಲ್ಲಿ ಹೇಳಿದೆ? ಅದರಲ್ಲಿ ಬಾಸ್‌ಗೆ ದಕ್ಷಿಣ ಆಫ್ರಿಕಾದ ಜಾನಿ ದ್ಯಾನಿ ಇದ್ದಾರೆ, ಆ ಮನುಷ್ಯ ಇದ್ದ ಕಡೆ ಕೆಳಗಿನ ನೆಲ ಕುಸಿಯುವುದಿಲ್ಲ. ಟೆನರ್ ವಿಷಯದಲ್ಲಿ ಮಾತ್ರ ಒಪ್ಪಲ್ಲ. ಟೋನಿ ಆಲನ್ನರನ್ನು ಕೂರಿಸಿಕೊಂಡರೆ ಮೇಲೆ ಯಾರು ನುಡಿಸಿದರೂ ಪಾಸ್, ಅದು ನಕಲು ಹೊಡೆದ ಹಾಗೆ.

ಕಹಳೆಕಿವಿ, ಬೆರ್ಗರ್ ಆದಮೇಲೆ ಬೊಥೆನ್ ಅವರ 1984ರ ‘ಟ್ರಾನ್ಸ್‌ಡಾನ್ಸ್’ ಕೇಳಿ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕಿ, ನಿಂತುಕೊಂಡು.